ಕೈ ಹಾಕೋ ಮುಂಚೆ ಏನ್ ನೋಡ್ತಾನೆ ಅಂತ ನೋಡು ಪುಟ್ಟಿ

ಚಿಕ್ಕಮಗಳೂರು, ಭಾನುವಾರ ರಾತ್ರಿ

ಪುಟ್ಟೀ,

ನೆನ್ನೆ ಫೋನಲ್ಲಿ ನೀನು ಹೇಳಿದ್ದು ಅರ್ಧಂಬರ್ಧ ಕೇಳಿಸ್ತು. ಇಲ್ಲಿ ಮಳೆ ಹಿಡಿದ್ರೆ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ನೆಟ್‌ವರ್ಕ್, ನಿಂಗೇ ಗೊತ್ತಲ್ಲ. ಅದಕ್ಕೇ ಕೂತು ಟೈಪ್ ಮಾಡ್ತಿದೀನಿ, ಉದ್ದ ಆಯ್ತು ಅಂತ ಬಯ್ಬೇಡ. ಹಾಸನದ ಮನೆ ಹಾಲ್‌ಗೆ ಅಡ್ಡ ಗೋಡೆ ಹಾಕಿಸಿ ನಿನ್ನ ಆಫೀಸ್ ಕೆಲಸಕ್ಕೊಂದು ರೂಮ್ ಮಾಡ್ಕೋಬೇಕು, ಇಟ್ಟಿಗೆ ಬೇಡ ಜಿಪ್ಸಮ್ ಬೋರ್ಡ್ ಸಾಕು, ಮೂರು ಜನ ಕೊಟೇಶನ್ ಕೊಟ್ಟಿದಾರೆ, ಎಲ್ಲರಿಗಿಂತ ಕಮ್ಮಿ ಹೇಳಿದೋನಿಗೆ ಅಡ್ವಾನ್ಸ್ ಹಾಕ್ಲಾ ಅಂದೆ. ಈಗ್ಲೇ ಹಾಕ್ಬೇಡ.

ನಮ್ಮನೆ ಫಾಲ್ಸ್ ಸೀಲಿಂಗ್ ಕಥೆ ನಿಂಗೆ ಪೂರ್ತಿ ಹೇಳಿಲ್ಲ, ನೀನಾಗ ಪಿಯುಸಿ ಅಂತ ಹಾಸ್ಟೆಲಲ್ಲಿದ್ದೆ, ನಿಮ್ಮಮ್ಮನೂ ಮಾನ ಹೋಗುತ್ತೆ ಅಂತ ಸುಮ್ನಿದ್ಲು. ಆ ಮನುಷ್ಯ ಬಂದ, ಮೊಬೈಲ್ ತೆಗೆದು ನೂರು ಫೋಟೋ ತೋರಿಸ್ದ, ಬಣ್ಣದ ಲೈಟು, ಗುಂಡಗೆ ಡಿಸೈನು, ನಾನೂ ಬಾಯಿ ಬಿಟ್ಕೊಂಡು ನೋಡ್ದೆ. ಜನವರಿ ತಿಂಗಳು, ಒಣ ಹವೆ, ನಾಲ್ಕೇ ದಿನಕ್ಕೆ ಕೆಲಸ ಮುಗಿಸ್ಕೊಂಡು ಪೂರ್ತಿ ದುಡ್ಡು ಎಣಿಸ್ಕೊಂಡು ಹೋದ. ಜುಲೈಲಿ ಪುಷ್ಯ ಮಳೆ ಬಂತು ನೋಡು, ಮೂಲೇಲಿ ಟೀ ಚೆಲ್ಲಿದ ಹಾಗೆ ಒಂದು ಕಲೆ, ಒಂದು ವಾರಕ್ಕೆ ಅದು ಊಟದ ತಟ್ಟೆಯಷ್ಟಾಯ್ತು, ಆಮೇಲೆ ಬೋರ್ಡು ಗಬ್ಬದ ಹಸು ಹೊಟ್ಟೆ ಥರ ಕೆಳಗೆ ಇಳೀತು, ಒಂದಿನ ರಾತ್ರಿ ಎರಡು ಗಂಟೆಗೆ ಧಡಾರ್ ಅಂತ ಸೋಫಾ ಮೇಲೆ. ಯಾರೂ ಕೂತಿರ್ಲಿಲ್ಲ, ದೇವರು ದೊಡ್ಡೋನು.

ಫೋನ್ ಮಾಡಿದ್ರೆ ಅವನು ಏನಂದ ಗೊತ್ತಾ, ಮೇಲಿಂದ ನೀರು ಬಂದ್ರೆ ನಾನೇನ್ ಮಾಡ್ಲಿ ಸಾರ್, ನಿಮ್ಮ ತಾರಸಿ ಬಿರುಕು ಬಿಟ್ಟಿದೆ. ಮಾತು ನಿಜವೇ. ಜಿಪ್ಸಮ್‌ಗೆ ನೀರು ಕಂಡ್ರೆ ಆಗಲ್ಲ, ನೆನೆದ್ರೆ ಮೆತ್ತಗಾಗುತ್ತೆ. ಆದ್ರೆ ಚಾನೆಲ್, ಅಂದ್ರೆ ಬೋರ್ಡ್ ಕೂರಿಸೋ ತಗಡಿನ ಪಟ್ಟಿ, ಹೊಡೆಯೋಕೆ ಏಣಿ ಹತ್ತಿದಾಗ ಆ ಹಳೇ ಒದ್ದೆ ಕಲೆ ಅವನ ಮೂಗಿನ ಮುಂದೆ ಇತ್ತಲ್ಲ, ಸ್ಲ್ಯಾಬ್ ಮುಚ್ಚಿಬಿಟ್ರೆ ಕಾಣಲ್ಲ ಅಂತ ಮುಚ್ಚಿದ. ಕೆಲಸ ಗೊತ್ತಿರೋನಾಗಿದ್ರೆ ಸಾರ್ ಮೊದಲು ತಾರಸಿ ಸರಿ ಮಾಡಿಸಿ, ಅಲ್ಲೀತನಕ ನಾನು ಮುಟ್ಟಲ್ಲ ಅಂತಿದ್ದ.

ಕಾಫಿ ತೋಟದಲ್ಲಿ 28 ವರ್ಷ ಆಳು-ಲೆಕ್ಕ ನೋಡ್ಕೊಳ್ಳೋ ರೈಟರ್ ಆಗಿ ನಾನು ನೋಡಿದ್ದೂ ಇದೇ. ಮರಗಸಿ ಕಾಲದಲ್ಲಿ, ಅಂದ್ರೆ ನೆರಳಿನ ಮರದ ಕೊಂಬೆ ಕಡಿಸೋವಾಗ, ಎರಡು ಥರದೋರು ಬರ್ತಿದ್ರು. ಒಬ್ಬ ಬಂದ ತಕ್ಷಣ ಕತ್ತಿ ಸೊಂಟಕ್ಕೆ ಸಿಗಿಸ್ಕೊಂಡು ಮರ ಹತ್ತೋನು. ಇನ್ನೊಬ್ಬ ಬೀಡಿ ಸೇದ್ತಾ ಮರದ ಸುತ್ತ ಎರಡು ಸುತ್ತು ಹಾಕಿ, ಯಾವ ಕೊಂಬೆ ಎಲ್ಲಿ ಬೀಳುತ್ತೆ, ಕೆಳಗೆ ಯಾವ ಕಾಫಿ ಗಿಡ ಇದೆ, ಕರೆಂಟ್ ಲೈನ್ ಎಷ್ಟು ದೂರ ಅಂತೆಲ್ಲ ನೋಡಿ, ಈ ಕೊಂಬೆ ಬೇಡ ಸಾರ್ ಬಿಸಿಲು ಜಾಸ್ತಿಯಾಗುತ್ತೆ ಅಂತ ಹೇಳಿ ಆಮೇಲೆ ಹತ್ತೋನು. ಮೊದಲನೇವನ ಕೈಲಿ ಸಂಜೆಗೆ ಐದಾರು ಗಿಡ ಮುರಿದಿರ್ತಿತ್ತು. ಸಾಹುಕಾರ್ರು ಬೈತಿದ್ದಿದ್ದು ಮಾತ್ರ ನನಗೆ.

ಹಾಗಾಗಿ ಆ ಮೂರು ಜನಾನೂ ಮನೆಗೇ ಕರೆಸು, ಬಂದೋನು ಮೊದಲು ಏನ್ ನೋಡ್ತಾನೆ ಅಂತ ನೀನು ನೋಡು. ನೆಲದಲ್ಲಿ ತೇವ ಇದೆಯಾ, ಮೇಲೆ ಸೋರುತ್ತಾ, ಆ ಗೋಡೆ ಮೇಲೆ ಟಿವಿ ಹಾಕ್ತೀರಾ ಅಂತ ಕೇಳ್ತಾನಾ? ಟಿವಿ, ಶೆಲ್ಫ್ ಏನಾದ್ರೂ ನೇತು ಹಾಕೋದಿದ್ರೆ ಒಳಗೆ ಮೊದಲೇ ಪ್ಲೈವುಡ್ ಕೊಡ್ಬೇಕು, ಬರೀ 12.5 ಎಂಎಂ ಬೋರ್ಡು ಆ ಭಾರ ತಡೆಯಲ್ಲ. ಬಾತ್‌ರೂಮ್ ಕಡೆ ಬರೋ ಭಾಗಕ್ಕೆ ತೇವ ತಡೆಯೋ ಬೋರ್ಡ್ ಹಾಕ್ಬೇಕು, ಸಾಮಾನ್ಯವಾಗಿ ಹಸಿರು ಬಣ್ಣದ್ದಿರುತ್ತೆ. ಅಕ್ಕಪಕ್ಕದ ಸದ್ದು ಬರಬಾರದು ಅಂದ್ರೆ ಎರಡು ಬೋರ್ಡ್ ಮಧ್ಯೆ ರಾಕ್‌ವುಲ್ ಅನ್ನೋ ಕಲ್ಲಿನ ಉಣ್ಣೆ ತುಂಬಬೇಕು, ಇಲ್ದಿದ್ರೆ ನಿನ್ನ ಮೀಟಿಂಗ್‌ಗೆ ಅಡುಗೆಮನೆ ಕುಕ್ಕರೂ ಸೇರ್ಕೊಳ್ಳುತ್ತೆ. ಇದನ್ನೆಲ್ಲ ನೀನು ಹೇಳ್ಬೇಡ, ಅವನೇ ಕೇಳ್ತಾನಾ ನೋಡು.

ಫೋಟೋ ನಂಬ್ಬೇಡ. ಒಂದು ಮಳೆಗಾಲ ಕಳೆದಿರೋ ಮನೆ ತೋರ್ಸಪ್ಪಾ ಅನ್ನು. ಹೋದ್ರೆ ಮೊಬೈಲ್ ಟಾರ್ಚ್‌ನ ಗೋಡೆಗೆ ಒತ್ತಿ ಹಿಡ್ಕೊಂಡು ಬೆಳಕು ಅಡ್ಡಕ್ಕೆ ಬೀಳಿಸು. ಎದುರಿಂದ ನುಣ್ಣಗಿರೋ ಗೋಡೆ ಆಗ ಎಲ್ಲಾ ಹೇಳಿಬಿಡುತ್ತೆ, ಜಾಯಿಂಟ್ ಉಬ್ಬಿದ್ದು, ಟೇಪ್ ಹಾಕದೆ ಬರೀ ಪುಟ್ಟಿ ಮೆತ್ತಿ ಬಿರುಕು ಬಿಟ್ಟಿದ್ದು, ಸ್ಕ್ರೂ ತಲೆ ಮೇಲೆದ್ದಿದ್ದು. (ಪುಟ್ಟಿ ಅಂದ್ರೆ ನೀನಲ್ಲ, ಗೋಡೆಗೆ ಹಚ್ಚೋದು.) ದುಡ್ಡು ಕಂತಲ್ಲಿ ಕೊಡು, ಕೊನೇ ಕಂತು ಕೈಲಿ ಇಟ್ಕೋ, ಏನೇನು ಹಾಕ್ತಾನೆ ಅಂತ ಹೆಸರು ಹಾಕಿ ಬರೆಸ್ಕೋ. 1117ರಲ್ಲಿ ಪ್ರತಿಷ್ಠೆ ಆದ ಬೇಲೂರು ಗುಡೀಲಿ ದಾಸೋಜ, ಅವನ ಮಗ ಚಾವಣ ಅಂತ ಬಳ್ಳಿಗಾವೆಯ ಶಿಲ್ಪಿಗಳು ತಮ್ಮ ಕೆಲಸದ ಕೆಳಗೇ ಹೆಸರು ಕೆತ್ತಿಟ್ಟು ಹೋಗಿದಾರೆ, ನಮ್ಮೋನು ಒಂದು ಬಿಲ್ ಮೇಲೆ ಹೆಸರು ಬರೆಯೋಕೆ ಪೆನ್ನಿಲ್ಲ ಅಂತಾನೆ!

ಇನ್ನು ಅಮ್ಮನ ಮಂಡಿ ವಿಚಾರ. ಡಾಕ್ಟರ್ ಕೆಲಸಾನ ಹಾಗೆ ಟಾರ್ಚ್ ಹಿಡಿದು ನೋಡೋಕಾಗಲ್ಲ, ಅದೇ ಕಷ್ಟ. ಮೊದಲು ಹೋದ ಕಡೆ ಅವರು ಅಮ್ಮನ ಮುಖಾನೂ ನೋಡ್ಲಿಲ್ಲ, ಎಕ್ಸ್‌ರೇ ಲೈಟಿಗೆ ಹಿಡಿದ್ರು, ಆಪರೇಷನ್, ಯಾವ ವಾರ ಬರ್ತೀರಾ ಅಂದ್ರು. ಇನ್ನೊಬ್ರ ಹತ್ರ ಹೋದ್ವಿ, ಆ ಮೇಡಂ ಎಕ್ಸ್‌ರೇ ಪಕ್ಕಕ್ಕಿಟ್ಟು ನಡೀರಿ ನೋಡೋಣ ಅಂದ್ರು. ಬಾಗಿಲ ತನಕ ನಡೆಸಿದ್ರು, ಕುರ್ಚಿಯಿಂದ ಏಳಿಸಿದ್ರು, ಮೆಟ್ಟಿಲು ಹತ್ತುವಾಗ ನೋವಾ ಇಳಿಯುವಾಗ ನೋವಾ, ರಾತ್ರಿ ನೋವಿಗೆ ಎಚ್ಚರ ಆಗುತ್ತಾ ಅಂತ ಕೇಳಿದ್ರು. ಸವೆದಿರೋದು ನಿಜ, ಆದ್ರೆ ತೊಡೆಗೆ ವ್ಯಾಯಾಮ ಮಾಡಿ, ತೂಕ ಇಳಿಸಿ, ಮೂರು ತಿಂಗಳು ನೋಡೋಣ, ಆಗ್ಲಿಲ್ಲ ಅಂದ್ರೆ ಆಪರೇಷನ್ನೇ, ಅದಕ್ಕೂ ಹೆದರ್ಬೇಡಿ ಅಂದ್ರು. ಆಪರೇಷನ್ ಬೇಡ ಅಂದಿದ್ದಕ್ಕೆ ಅವರು ಇಷ್ಟ ಆಗಿದ್ದಲ್ಲ. ನಿಮ್ಮ ದೊಡ್ಡಪ್ಪ ಹಾಗೇ ಬೇಡ ಅಂದೋರನ್ನೇ ಹುಡುಕ್ಕೊಂಡು ಹೋಗಿ, ಮುರಿದ ಕೈಗೆ ನಾಟಿ ಕಟ್ಟು ಕಟ್ಟಿಸ್ಕೊಂಡು ಇವತ್ತಿಗೂ ತುತ್ತು ಬಾಯಿಗೆ ಎತ್ತೋಕಾಗಲ್ಲ. ಈ ಮೇಡಂ ಯಾಕೆ ಅಂತ ಅಮ್ಮಂಗೆ ಅರ್ಥ ಆಗೋ ಹಾಗೆ ಹೇಳಿದ್ರು.

ಡಾಕ್ಟರ್ ಬರೆದುಕೊಡೋ ಚೀಟೀಲಿ ಅವರ ರಿಜಿಸ್ಟ್ರೇಷನ್ ನಂಬರ್ ಇರುತ್ತೆ, ಇರಲೇಬೇಕು ಅಂತ 2002ರ ನಿಯಮಾನೇ ಇದೆ. ಹೊಸಬ್ರ ಹತ್ರ ಹೋಗೋ ಮುಂಚೆ ಅದನ್ನ ಕರ್ನಾಟಕ ವೈದ್ಯಕೀಯ ಪರಿಷತ್ತಲ್ಲೋ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಟ್ಟೀಲೋ ನೋಡ್ಕೋ, ನಿಂಗೆ ಎರಡು ನಿಮಿಷದ ಕೆಲಸ. ಅದು ಡಾಕ್ಟರ್ ಹೌದಾ ಅಲ್ವಾ ಅಂತ ಹೇಳುತ್ತೆ ಅಷ್ಟೇ, ಒಳ್ಳೆ ಡಾಕ್ಟರಾ ಅಂತಲ್ಲ. ಅಮ್ಮ ಈಗ ದಿನಾ ಬೆಳಿಗ್ಗೆ ಕುರ್ಚೀಲಿ ಕೂತು ಕಾಲು ಎತ್ತಿ ಇಳಿಸ್ತಾಳೆ, ನಾನು ಎಣಿಸ್ಬೇಕು, ತಪ್ಪಿದ್ರೆ ಬೈಸ್ಕೋಬೇಕು.

ಶನಿವಾರ ಮೊದಲನೇ ಬಸ್ಸಿಗೆ ಬರ್ತೀನಿ. ಗುರುವಾರ ಸಂಜೆನೇ ತಾರಸಿ ನೀರು ಹೋಗೋ ಪೈಪ್‌ಗೆ ಹಳೇ ಬಟ್ಟೆ ತುರುಕಿ ಎರಡು ಇಂಚು ನೀರು ನಿಲ್ಲಿಸಿರು, ಅಳಿಯಂದ್ರಿಗೆ ಹೇಳು. ಕೆಳಗೆ ಎಲ್ಲಿ ತೇವ ಆಗುತ್ತೆ ಅಂತ ಬಂದು ನೋಡ್ತೀನಿ, ಅಡ್ವಾನ್ಸ್ ಆಮೇಲೆ. ಅಮ್ಮ ಕಳಲೆ ಉಪ್ಪಿನಕಾಯಿ ಕಳಿಸ್ತಿದಾಳೆ, ಡಬ್ಬಿ ವಾಪಸ್ ಕೊಡ್ಬೇಕಂತೆ.

ನಿನ್ನ ಅಪ್ಪ