ಲಾನ್‌ಗೆ ಸ್ಪ್ರಿಂಕ್ಲರ್: ಕಾಲುವೆ ತೋಡುವ ಮುಂಚೆ ಒತ್ತಡ ಅಳೆಯಿರಿ

ಮಾನ್ಯ ಸಂಪಾದಕರೇ,

ಬಿಸಿಲು ಏರತೊಡಗಿದರೆ ಮೈಸೂರಿನ ಬಡಾವಣೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ಮನೆ ಮುಂದಿನ ಲಾನ್‌ಗೆ ಸ್ಪ್ರಿಂಕ್ಲರ್ ಹಾಕಿಸುವುದೋ, ಹೋಸ್ ಪೈಪಿನಲ್ಲೇ ನೀರು ಹಿಡಿಯುವುದೋ? ಮಾರುವವರ ಉತ್ತರ ಎಲ್ಲರಿಗೂ ಗೊತ್ತು. ತೋಟ, ಲಾನ್‌ಗಳ ನೀರಿನ ಕೆಲಸವನ್ನೇ ಮಾಡುವ ನಮ್ಮ ಉತ್ತರ ಬೇರೆ. 500 ಚದರಡಿಗಿಂತ ಚಿಕ್ಕ ಲಾನ್‌ಗೆ ನೆಲದೊಳಗಿನ ಸ್ಪ್ರಿಂಕ್ಲರ್ ಬೇಡವೇ ಬೇಡ. ಅದಕ್ಕಿಂತ ದೊಡ್ಡದಾದರೆ ಹಾಕಿಸಬಹುದು, ಆದರೆ ನೀರಿನ ಲೆಕ್ಕ ಹಾಕಿ, ಒತ್ತಡ ಅಳೆದ ಮೇಲೆ.

ಮೊದಲು ನೀರು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ನೀರು ಬಿದ್ದರೆ ಅದು ಒಂದು ಲೀಟರ್. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಡೆ ಹುಲ್ಲಿಗೆ ದಿನಕ್ಕೆ ಸುಮಾರು 4 ಮಿ.ಮೀ. ಬೇಕು. 30 ಅಡಿಗೆ 30 ಅಡಿ ಲಾನ್ ಎಂದರೆ 84 ಚದರ ಮೀಟರ್. ದಿನಕ್ಕೆ 336 ಲೀಟರ್. ಗಾಳಿಗೆ ಹಾರುವುದು, ಅಂಚಿನಾಚೆ ಬೀಳುವುದು ಎಂದು ಕಾಲು ಭಾಗ ಬಿಟ್ಟರೆ ಪಂಪಿನಿಂದ ಹೊರಡಬೇಕಾದ್ದು ಸುಮಾರು 450 ಲೀಟರ್. ನಗರದ ಕುಡಿಯುವ ನೀರಿನ ಯೋಜನೆಗಳನ್ನು ಮಾಡುವುದು ತಲೆಗೆ 135 ಲೀಟರ್ ಲೆಕ್ಕದಲ್ಲಿ. ಮೂರು ಜನರ ನೀರಿಗಿಂತಲೂ ಹೆಚ್ಚನ್ನು ಆ ಒಂದು ಲಾನ್ ಕುಡಿಯುತ್ತದೆ. ತಿಂಗಳಿಗೆ 13,500 ಲೀಟರ್; 6,000 ಲೀಟರಿನ ಟ್ಯಾಂಕರ್ ಎರಡು ತರಿಸಿದರೂ ಸಾಲದು.

ಇದನ್ನು ನಲ್ಲಿ ನೀರಿನಿಂದ ತೂಗಿಸುತ್ತೇವೆ ಎನ್ನುವವರು 2024ರ ಮಾರ್ಚ್ ನೆನಪಿಟ್ಟುಕೊಳ್ಳಬೇಕು. ಆಗ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ, ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ನಮ್ಮ ನಲ್ಲಿಗಳಿಗೆ ಬರುವುದೂ ಕಾವೇರಿ, ಕಬಿನಿ ನೀರೇ. ಮಳೆನೀರು ಹಿಡಿದರೆ ಸಾಕೆಂಬ ಮಾತೂ ಲೆಕ್ಕಕ್ಕೆ ನಿಲ್ಲುವುದಿಲ್ಲ: 1,000 ಚದರಡಿ ತಾರಸಿಯ ಮೇಲೆ 10 ಮಿ.ಮೀ. ಮಳೆಯಾದರೆ ಕೈಗೆ ಸಿಗುವುದು 750 ಲೀಟರ್ ಆಸುಪಾಸು, ಅದೂ ಲಾನ್‌ಗೆ ನೀರು ಬೇಡದ ದಿನಗಳಲ್ಲಿ. ಹಾಗಾಗಿ ಸ್ವಂತ ಬೋರ್‌ವೆಲ್ ಇಲ್ಲದವರಿಗೆ ನಮ್ಮ ಸಲಹೆ, ಲಾನನ್ನೇ ಚಿಕ್ಕದು ಮಾಡಿ, ಇಲ್ಲವೇ ಗರಿಕೆ ಹಾಕಿ. ಗರಿಕೆ ಬೇಸಿಗೆಯಲ್ಲಿ ಕಂದಿದರೂ ಬೇರು ಸಾಯುವುದಿಲ್ಲ. ಭರಣಿ ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

ನೀರು ಇದೆ ಎಂದಾದರೆ ಒತ್ತಡದ ಮಾತು. ಮನೆಗಳಲ್ಲಿ ಕೆಡುವ ಸ್ಪ್ರಿಂಕ್ಲರ್‌ಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ನೀರು ಬಿಟ್ಟಾಗ ನೆಲದೊಳಗಿಂದ ಮೇಲೆದ್ದು ಚಿಮ್ಮುವ ಕೊಳವೆಯೇ ಹೆಡ್, ಅದರ ತುದಿಯ ತೂತಿನ ಭಾಗ ನಾಜಲ್. 15 ಅಡಿ ಚಿಮ್ಮುವ ಸಾಮಾನ್ಯ ಪಾಪ್‌ಅಪ್ ನಾಜಲ್‌ಗೆ ಸುಮಾರು 2.1 ಕೆಜಿ ಪ್ರೆಶರ್ ಬೇಕು, ಅಂದರೆ 21 ಮೀಟರ್ ಎತ್ತರದ ನೀರಿನ ಒತ್ತಡ. ಎರಡಂತಸ್ತಿನ ಮನೆಯ ಮೇಲಿನ ಟ್ಯಾಂಕ್ ನೆಲದಿಂದ ಹೆಚ್ಚೆಂದರೆ 9 ಮೀಟರ್ ಇರುತ್ತದೆ. ಅದರಿಂದ ಸಿಗುವುದು 0.9 ಕೆಜಿ, ಪೈಪಿನಲ್ಲಿ ಇನ್ನಷ್ಟು ಕಳೆದುಹೋಗುತ್ತದೆ. ಆ ಒತ್ತಡಕ್ಕೆ ಹೆಡ್ ಪೂರ್ತಿ ಮೇಲೇಳುವುದೂ ಕಷ್ಟ. ಎದ್ದರೂ ನೀರು ಅರ್ಧ ದಾರಿಯಲ್ಲೇ ಬಿದ್ದು ಎರಡು ಹೆಡ್‌ಗಳ ನಡುವೆ ಹುಲ್ಲು ಒಣಗುತ್ತದೆ. ಟ್ಯಾಂಕಿನ ಪೈಪಿಗೇ ಜೋಡಿಸಿಕೊಡುತ್ತೇವೆ ಎನ್ನುವವರಿಗೆ ಕೆಲಸ ಕೊಡಬೇಡಿ.

ಸಂಪಿನಿಂದ ಪ್ರತ್ಯೇಕ ಪಂಪ್ ಬೇಕು. ಅದನ್ನು ಕೊಳ್ಳುವಾಗ ಎಷ್ಟು ಎಚ್‌ಪಿ ಎಂದು ಕೇಳುವುದಕ್ಕಿಂತ ಅದರ ಜೊತೆ ಬರುವ ಪಟ್ಟಿಯನ್ನು ಓದಿ. ಎಷ್ಟು ಮೀಟರ್ ಹೆಡ್‌ಗೆ (ಇಲ್ಲಿ ಹೆಡ್ ಎಂದರೆ ಒತ್ತಡದ ಎತ್ತರ) ಎಷ್ಟು ಲೀಟರ್ ಕೊಡುತ್ತದೆಂದು ಅದರಲ್ಲಿರುತ್ತದೆ. ಈಗಾಗಲೇ ಪಂಪ್ ಇದ್ದರೆ ಪರೀಕ್ಷೆ ಸುಲಭ. ಪಂಪಿನ ಹೊರಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಒಂದು ಪ್ರೆಶರ್ ಗೇಜ್, ಅದರ ಮುಂದೆ ಒಂದು ವಾಲ್ವ್ ಕೂರಿಸಿ. ಗೇಜ್ 2.5 ಕೆಜಿ ತೋರಿಸುವವರೆಗೆ ವಾಲ್ವ್ ತಿರುಗಿಸಿ, ಹೊರಬರುವ ನೀರನ್ನು 15 ಲೀಟರಿನ ಬಕೆಟ್‌ಗೆ ಹಿಡಿಯಿರಿ. 30 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 30 ಲೀಟರ್. ವಾಲ್ವ್ ಪೂರ್ತಿ ತೆರೆದು ಬಕೆಟ್ ತುಂಬಿಸಿದರೆ ಆ ಲೆಕ್ಕ ಸ್ಪ್ರಿಂಕ್ಲರ್‌ಗೆ ಉಪಯೋಗವಿಲ್ಲ.

ಆ 30 ಲೀಟರಿನಲ್ಲಿ ಏನೇನು ನಡೆಯುತ್ತದೆ? 15 ಅಡಿಯ ನಾಜಲ್ ಪೂರ್ತಿ ಸುತ್ತಿಗೆ ನಿಮಿಷಕ್ಕೆ 14 ಲೀಟರ್, ಅರ್ಧ ಸುತ್ತಿಗೆ 7, ಕಾಲು ಸುತ್ತಿಗೆ 3.5 ಲೀಟರ್ ತೆಗೆದುಕೊಳ್ಳುತ್ತದೆ. ಒಂದು ಹೆಡ್ಡಿನ ನೀರು ಪಕ್ಕದ ಹೆಡ್ಡಿನ ಬುಡ ಮುಟ್ಟಬೇಕು. ಈ ನಿಯಮ ಬಿಟ್ಟು ಹೆಡ್ ಉಳಿಸಲು ಹೋದರೆ ಒಣ ತೇಪೆ ಖಂಡಿತ. 30 ಅಡಿಗೆ 30 ಅಡಿ ಲಾನ್‌ಗೆ ಮೂಲೆಗಳಲ್ಲಿ ನಾಲ್ಕು, ಬದಿಗಳ ಮಧ್ಯದಲ್ಲಿ ನಾಲ್ಕು, ನಡುವೆ ಒಂದು, ಹೀಗೆ ಒಂಬತ್ತು ಹೆಡ್. ಎಲ್ಲ ಸೇರಿ ನಿಮಿಷಕ್ಕೆ 56 ಲೀಟರ್. ಪಂಪ್ ಅಷ್ಟು ಕೊಡುವುದಿಲ್ಲವಾದ್ದರಿಂದ ಎರಡು ಭಾಗ ಮಾಡಬೇಕು: ನಡುವಿನ ಸಾಲಿನ ಮೂರು ಹೆಡ್ ಒಂದು ವಾಲ್ವಿಗೆ, ಎರಡು ಅಂಚಿನ ಸಾಲುಗಳ ಆರು ಇನ್ನೊಂದಕ್ಕೆ. ಎರಡಕ್ಕೂ ಸರಿಯಾಗಿ 28 ಲೀಟರ್ ಬರುತ್ತದೆ. ಮುಖ್ಯ ಪೈಪ್ ಒಂದು ಇಂಚು, ಕವಲು ಮುಕ್ಕಾಲು ಇಂಚು. ಖರ್ಚು ಉಳಿಸಲೆಂದು ಎಲ್ಲ ಕಡೆ ಅರ್ಧ ಇಂಚು ಎಳೆದರೆ ಕೊನೆಯ ಹೆಡ್ ಏಳುವುದಿಲ್ಲ. ಗಿಡಗಳ ಸಾಲನ್ನು ಇದೇ ವಾಲ್ವಿಗೆ ಸೇರಿಸಬೇಡಿ. ದಾಸವಾಳ, ಗುಲಾಬಿಗೆ ಗಂಟೆಗೆ 4 ಲೀಟರಿನ ಡ್ರಿಪ್ಪರ್ ಸಾಕು.

ಈ ಲೆಕ್ಕದಲ್ಲಿ ಸಾಮಾನ್ಯ ನಾಜಲ್ ಗಂಟೆಗೆ 40 ಮಿ.ಮೀ. ವೇಗದಲ್ಲಿ ಸುರಿಯುತ್ತದೆ. ನಮ್ಮ ಕೆಂಪುಮಣ್ಣು, ಅದರಲ್ಲೂ ಮನೆ ಕಟ್ಟುವಾಗ ಲಾರಿ ಓಡಾಡಿ ಗಟ್ಟಿಯಾದ ಮಣ್ಣು, ಅಷ್ಟು ವೇಗವಾಗಿ ಹೀರಲಾರದು. ಕೆಲವೇ ನಿಮಿಷಗಳಲ್ಲಿ ನೀರು ಗೇಟಿನಾಚೆ ಹರಿಯುತ್ತದೆ. ಎರಡು ದಿನಕ್ಕೊಮ್ಮೆ ನೀರು ಕೊಡುವುದಾದರೆ, ಪೋಲಾಗುವುದೂ ಸೇರಿ, ಒಂದೊಂದು ವಾಲ್ವಿಗೂ 16 ನಿಮಿಷ ಬೇಕು. ಅದನ್ನು ಒಂದೇ ಸಲ ಬಿಡದೆ 8 ನಿಮಿಷ ಬಿಟ್ಟು, ಅರ್ಧ ಗಂಟೆ ಹಿಂಗಲು ಬಿಟ್ಟು, ಮತ್ತೆ 8 ನಿಮಿಷ ಬಿಡಿ. ಬೆರಳಿನಂತೆ ಎಳೆಎಳೆಯಾಗಿ ಸುತ್ತುತ್ತ ಚಿಮ್ಮುವ ರೋಟರಿ ನಾಜಲ್ ಹಾಕಿದರೆ ಈ ತಾಪತ್ರಯ ಕಡಿಮೆ. ಅದು ಗಂಟೆಗೆ ಸುಮಾರು 10 ಮಿ.ಮೀ. ಮಾತ್ರ ಕೊಡುತ್ತದೆ. ಒಂಬತ್ತೂ ಹೆಡ್ ಸೇರಿ ನಿಮಿಷಕ್ಕೆ 14 ಲೀಟರಿನಲ್ಲಿ ಮುಗಿಯುವುದರಿಂದ ಎರಡನೇ ವಾಲ್ವೂ ಬೇಕಿಲ್ಲ. ಆದರೆ ಹೆಡ್ಡಿನ ಹತ್ತಿರ 2.8 ಕೆಜಿ ಒತ್ತಡ ಬೇಕು, ಓಡುವ ಹೊತ್ತೂ ನಾಲ್ಕು ಪಟ್ಟು. ಬೆಲೆ ಜಾಸ್ತಿಯಾದರೂ ಮೈಸೂರಿನ ಮಣ್ಣಿಗೆ ನಾವು ಇದನ್ನೇ ಹೇಳುತ್ತೇವೆ. ಎರಡನ್ನೂ ಒಂದೇ ಸಾಲಿನಲ್ಲಿ ಬೆರೆಸಿದರೆ ಒಂದು ಕಡೆ ಕೆಸರು, ಇನ್ನೊಂದು ಕಡೆ ಒಣಗು.

ಮಂಡ್ಯ ಕಡೆಯ ಹೊಲಗಳಲ್ಲಿ ಕಾಣುವ ತುಂತುರು ನೀರಾವರಿಯ ಜೆಟ್ಟನ್ನೇ ತಂದು ಮನೆ ಮುಂದೆ ನೆಡುವವರೂ ಇದ್ದಾರೆ. ಹತ್ತಾರು ಮೀಟರ್ ಚಿಮ್ಮುವ ಅದು ಹೊಲಕ್ಕೆ ಸರಿ. 50 ಅಡಿಗೆ 80 ಅಡಿಯ ಸೈಟಿನಲ್ಲಿ ಪಕ್ಕದವರ ಗೋಡೆ, ಕಿಟಕಿ ತೋಯಿಸುತ್ತದೆ.

ಇನ್ನೊಂದು ವಿಷಯ ಮನೆಯವರ ಆರೋಗ್ಯದ್ದು, ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ನಗರ ಸರಬರಾಜಿನ ಪೈಪಿಗೆ ಸ್ಪ್ರಿಂಕ್ಲರನ್ನಾಗಲಿ ಪಂಪನ್ನಾಗಲಿ ನೇರವಾಗಿ ಜೋಡಿಸಲೇಬಾರದು. ನಮ್ಮಲ್ಲಿ ನೀರು ಬಿಟ್ಟುಬಿಟ್ಟು ಬರುತ್ತದೆ. ನಿಂತಾಗ ಪೈಪಿನೊಳಗೆ ನಿರ್ವಾತವಾಗಿ, ಹೆಡ್ಡಿನ ಬುಡದಲ್ಲಿ ನಿಂತ ನೀರನ್ನು, ಅದರ ಜೊತೆ ಸಗಣಿ ಗೊಬ್ಬರವನ್ನೂ ಕೀಟನಾಶಕವನ್ನೂ ಒಳಗೆ ಎಳೆದುಕೊಳ್ಳಬಹುದು. ಮತ್ತೆ ನೀರು ಬಂದಾಗ ಅದು ಹೋಗುವುದು ನಿಮ್ಮ ಅಡುಗೆಮನೆಗೆ, ಅಕ್ಕಪಕ್ಕದವರ ಅಡುಗೆಮನೆಗೆ. ನಲ್ಲಿ ನೀರು ಮೇಲಿನಿಂದ ಸಂಪಿಗೆ ಬೀಳಬೇಕು. ಪೈಪಿನ ಬಾಯಿ ಸಂಪಿನ ನೀರಿಗೆ ಎಂದೂ ಮುಳುಗಬಾರದು. ಲಾನ್ ಪೈಪಿಗೆ, ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿ. ಕುಡಿಯುವ ನೀರಿನ ಸಂಪನ್ನೇ ಬಳಸುವುದಾದರೆ, ನೀರು ಅರ್ಧಕ್ಕಿಳಿದಾಗ ಪಂಪ್ ನಿಲ್ಲುವಂತೆ ಫ್ಲೋಟ್ ಸ್ವಿಚ್ ಕೂರಿಸಿ. ಇಲ್ಲದಿದ್ದರೆ ಟೈಮರ್ ಬೆಳಿಗ್ಗೆ ಐದಕ್ಕೆ ಸಂಪು ಖಾಲಿ ಮಾಡಿ, ಒಣ ಓಡಿ, ಪಂಪಿನ ಸೀಲನ್ನೂ ಸುಡುತ್ತದೆ.

ಆಮೇಲೆ ಕೆಡುವ ಭಾಗಗಳು. ಬೋರ್‌ವೆಲ್ ನೀರಿನ ಉಪ್ಪು ನಾಜಲ್‌ನ ತೂತು ಮುಚ್ಚಿಸುತ್ತದೆ. ಬಿಚ್ಚಿ ವಿನಿಗರ್‌ನಲ್ಲಿ ರಾತ್ರಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಪಿನ್ ಹಾಕಿ ಕೆದಕಿದರೆ ತೂತು ದೊಡ್ಡದಾಗಿ ನೀರು ಸೊಟ್ಟಗೆ ಚಿಮ್ಮುತ್ತದೆ. ಪಂಪಿನ ನಂತರ 120 ಮೆಶ್‌ನ ಫಿಲ್ಟರ್ ಇರಲೇಬೇಕು. ಪೈಪ್ ಜೋಡಿಸಿದ ಮೇಲೆ, ನಾಜಲ್ ಹಾಕುವ ಮುಂಚೆ, ನೀರು ಬಿಟ್ಟು ಒಳಗಿನ ಮಣ್ಣು, ಪಿವಿಸಿ ಪುಡಿ ಪೂರ್ತಿ ಹೊರಹಾಕಬೇಕು. ಎಷ್ಟೋ ಕಡೆ ಈ ಹತ್ತು ನಿಮಿಷದ ಕೆಲಸವನ್ನು ಮಾಡುವುದೇ ಇಲ್ಲ. ಪೈಪ್ 8ರಿಂದ 10 ಇಂಚು ಆಳದಲ್ಲಿರಲಿ. ತೆಳು ಪೈಪನ್ನು ಹೆಗ್ಗಣ ಕಡಿಯುತ್ತದೆ. ಹೆಡ್ಡನ್ನು ಪೈಪಿಗೆ ನೇರ ಕೂರಿಸದೆ ಬಾಗುವ ಜೋಡಣೆಯ ಮೂಲಕ ಕೂರಿಸಿದರೆ ಹುಲ್ಲು ಕತ್ತರಿಸುವ ಯಂತ್ರ ತಾಗಿದರೂ ಬುಡ ಮುರಿಯುವುದಿಲ್ಲ. ಟೈಮರ್‌ಗೆ ಬ್ಯಾಟರಿ ಇರಲಿ. ಕರೆಂಟ್ ಹೋಗಿ ಗಡಿಯಾರ ತಪ್ಪಿದರೆ ಮಟಮಟ ಮಧ್ಯಾಹ್ನ ನೀರು ಹಾರಿಸುತ್ತದೆ. ಮಳೆ ಸೆನ್ಸರ್ ಹಾಕಿಸದವರು ಜೂನ್ ಬಂದೊಡನೆ ಟೈಮರನ್ನೇ ಆಫ್ ಮಾಡಿ.

500 ಚದರಡಿಯೊಳಗಿನವರಿಗೆ ಹೋಸ್ ಪೈಪಿನ ತುದಿಗೆ ಸಿಕ್ಕಿಸುವ ಸಣ್ಣ ಸ್ಪ್ರಿಂಕ್ಲರ್, ನಲ್ಲಿಗೆ ತಿರುಗಿಸಿ ಇಡುವ ಟೈಮರ್, ಇವೆರಡೇ ಸಾಕು. ಪಂಪ್, ಫಿಲ್ಟರ್, ಟೈಮರ್‌ನ ಖರ್ಚು ಲಾನ್ ಚಿಕ್ಕದೆಂದು ಇಳಿಯುವುದಿಲ್ಲ. ಹುಲ್ಲಿನ ಮೇಲೆ ಕಾಲಿಟ್ಟು ತೆಗೆದಾಗ ಹೆಜ್ಜೆ ಗುರುತು ಏಳದೆ ಉಳಿದರೆ ಅಂದು ನೀರು ಬೇಕು; ಎದ್ದುಕೊಂಡರೆ ಬೇಡ.

ಹಾಕಿಸಲು ನಿರ್ಧರಿಸಿದವರು ಕೆಲಸದವರೊಂದಿಗೆ ಒಂದು ಷರತ್ತು ಮಾಡಿಕೊಳ್ಳಲಿ. ಕಾಲುವೆ ಮುಚ್ಚುವ ಮುಂಚೆ, ಒಂದು ವಾಲ್ವಿನ ಎಲ್ಲ ಹೆಡ್ ಓಡುತ್ತಿರುವಾಗ, ಪಂಪಿನಿಂದ ಅತಿ ದೂರದ ಹೆಡ್ಡಿನ ಬುಡದಲ್ಲಿ ಗೇಜ್ ಹಾಕಿ ತೋರಿಸಬೇಕು. ಬಳಿಕ ನೆಟ್ಟಗಿನ ಗೋಡೆಯ ಒಂದೇ ಅಳತೆಯ ಹತ್ತು ಡಬ್ಬಿಗಳನ್ನು ಲಾನ್ ಮೇಲೆ ಅಲ್ಲಲ್ಲಿ ಇಟ್ಟು ಒಂದೊಂದು ವಾಲ್ವನ್ನೂ 15 ನಿಮಿಷ ಬಿಟ್ಟು, ಸ್ಕೇಲ್‌ನಿಂದ ಅಳೆಯಬೇಕು. ಯಾವುದೋ ಡಬ್ಬಿಯಲ್ಲಿ ಉಳಿದವುಗಳ ಅರ್ಧಕ್ಕಿಂತ ಕಡಿಮೆ ನೀರಿದ್ದರೆ ಹೆಡ್‌ಗಳ ಜಾಗ ಸರಿಪಡಿಸುವವರೆಗೆ ಕೊನೆಯ ಕಂತಿನ ಹಣ ಕೊಡಬೇಡಿ.

ಇಂತಿ,
ಲಾನ್ ಮತ್ತು ಕೈತೋಟದ ನೀರಿನ ಕೆಲಸ ಮಾಡುವವರು,
ಕುವೆಂಪುನಗರ, ಮೈಸೂರು