ಕೊನೇ ಎಪಿಸೋಡ್ ಬರೆದಾಗಿದ್ಯಾ ಅಂತ ಕೇಳಿ

ಸಂಪಾದಕರಿಗೆ ನಮಸ್ಕಾರ,

ಮೊನ್ನೆ ನಿಮ್ಮ ಪುರವಣಿಯಲ್ಲಿ ಈ ವಾರದ ಟಿಆರ್‌ಪಿ ಪಟ್ಟಿ ಹಾಕಿದ್ರಲ್ಲ, ಯಾವ ಸೀರಿಯಲ್ ಮೇಲೇರ್ತು ಯಾವ್ದು ಕೆಳಗೆ ಬಿತ್ತು ಅಂತ, ಅದನ್ನ ಓದಿ ಬರೀತಿದ್ದೀನಿ. ನಾನು ಎರಡು ವರ್ಷ ಒಂದು ಡೈಲಿ ಸೀರಿಯಲ್‌ಗೆ ಡೈಲಾಗ್ ಬರೀತಿದ್ದೋನು, ಯಾವ ಚಾನೆಲ್ ಅಂತ ಬೇಡ ಬಿಡಿ. ಟಿವಿ ನೋಡೋರನ್ನ ಅಳೆಯೋ ಬಾರ್ಕ್ ಸಂಸ್ಥೆಯ ನಂಬರ್ ಬರೋ ಗುರುವಾರ ಅಂದ್ರೆ ನಮ್ ಯೂನಿಟ್‌ಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಇದ್ದಂಗೆ. ಸ್ವಲ್ಪ ಇಳಿದ್ರೂ ಚಾನೆಲ್‌ನಿಂದ ಫೋನು, ಟ್ರ್ಯಾಕ್ ಚೇಂಜು. ಆ ಎರಡು ವರ್ಷದಲ್ಲಿ ಕಥೆಯಲ್ಲಿದ್ದ ಒಬ್ಬ ಚಿಕ್ಕಪ್ಪನ್ನ ಮೂರು ಸಲ ಕೆಟ್ಟವನನ್ನಾಗಿ ಮಾಡಿ ಎರಡು ಸಲ ಒಳ್ಳೆಯವನನ್ನಾಗಿ ಮಾಡಿದೀನಿ, ಪಾಪ ಆ ನಟರು ಬೆಳಿಗ್ಗೆ ಮೇಕಪ್‌ಗೆ ಕೂತ್ಕೊಂಡು "ಇವತ್ತು ನಾನು ಯಾವ ಕಡೆ ಸಾರ್" ಅಂತ ಕೇಳೋರು.

ಬರೆಯೋರಿಗೆ ತಲೆ ಇಲ್ಲ ಅಂತ ಎಲ್ರೂ ಬೈತಾರೆ. ಹಂಗಲ್ಲ ಸ್ವಾಮಿ. ದಿನಕ್ಕೊಂದು ಎಪಿಸೋಡ್, ಜಾಹೀರಾತು ಕಳೆದು ಸುಮಾರು 22 ನಿಮಿಷ, ಶೂಟ್ ಆಗ್ಲೇಬೇಕು. ಒನ್‌ಲೈನ್, ಅಂದ್ರೆ ಎಪಿಸೋಡಿನ ಕಥೆಯ ಸಾರ, ಓಕೆ ಆಗೋದು ರಾತ್ರಿ ಹನ್ನೊಂದಕ್ಕೆ, ಸೀನ್ ಪೇಪರ್ ವಾಟ್ಸಾಪ್‌ಗೆ ಹೋಗೋದು ಬೆಳಿಗ್ಗೆ, ಅಷ್ಟೊತ್ತಿಗೆ ಶೂಟಿಂಗ್ ಮನೇಲಿ ಲೈಟ್ ಇಟ್ಟು ಕಾಯ್ತಿರ್ತಾರೆ. ಕೈಯಲ್ಲಿ ಒಂದಷ್ಟು ಎಪಿಸೋಡ್ ಬ್ಯಾಂಕಿಂಗ್, ಅಂದ್ರೆ ಮೊದ್ಲೇ ಶೂಟ್ ಮಾಡಿಟ್ಟಿದ್ದು, ಇರ್ಬೇಕು ಅಂತ ಹೇಳ್ತಾರೆ, ನಮ್ದು ಎರಡು ದಾಟಿದ್ದೇ ಇಲ್ಲ. ಒಂದ್ಸಲ ಹೀರೋಯಿನ್‌ಗೆ ಜ್ವರ. ಸೆಟ್‌ನಲ್ಲಿ ಉಳಿದಿದ್ದು ಅತ್ತೆ, ನಾದಿನಿ, ಬೀಗ ಹಾಕಿದ ಒಂದು ಬೀರು. ಆ ಬೀಗ ತೆಗೆಯೋಕೆ ನಾಲ್ಕು ಎಪಿಸೋಡ್ ತಗೊಂಡ್ವಿ. ಬೀಗದ ಕೈ, ಅತ್ತೆ ಮುಖ, ನಾದಿನಿ ಮುಖ, ಗುಡುಗು, ಮತ್ತೆ ಅತ್ತೆ ಮುಖ. ಮನೇಲಿ ನಮ್ಮಮ್ಮ "ಒಳಗೆ ಏನಿದ್ಯೋ ಅದು, ನಂಗಾದ್ರೂ ಹೇಳೋ" ಅಂದ್ರು. ನಂಗೂ ಗೊತ್ತಿರ್ಲಿಲ್ಲ. ಆ ವಾರ ನಂಬರ್ ಏರ್ತು ನೋಡಿ, ಬೀರು ಖಾಲಿ ಅಂತ ತೋರಿಸಿ ಇನ್ನೊಂದು ಬೀಗ ಹುಡುಕಿದ್ವಿ!

ನನ್ನ ತಕರಾರು ಇಷ್ಟೇ, ಕಥೆ ಎಲ್ಲಿ ಮುಗಿಯುತ್ತೆ ಅಂತ ಗೊತ್ತಿಲ್ದೇ ಮಧ್ಯದ ಎಪಿಸೋಡ್ ಬರೆಯೋಕಾಗಲ್ಲ. 1998ರಲ್ಲಿ ಚಂದನದಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ 'ಮಾಯಾಮೃಗ'ವೂ ದಿನಾ ಬರ್ತಿದ್ದ ಸೀರಿಯಲ್ಲೇ, ಆದ್ರೆ ಅಲ್ಲಿನ ಪಾತ್ರಗಳು ವಾರಕ್ಕೊಂದು ಬುದ್ಧಿ ಬದಲಾಯಿಸ್ತಿರ್ಲಿಲ್ಲ. ಆಗ ಇಷ್ಟು ಪೈಪೋಟಿ ಇರ್ಲಿಲ್ಲ ಅಂತೀರ, ಒಪ್ದೆ. ಆದ್ರೆ ನಮ್ಮನೆ ಹುಡುಗ್ರು ಮೊಬೈಲಲ್ಲಿ ನೋಡೋ ಕೊರಿಯನ್ ಸೀರಿಯಲ್‌ಗಳು ಹೆಚ್ಚಿನವು 12ರಿಂದ 16 ಎಪಿಸೋಡ್‌ಗೆ ಮುಗಿಯುತ್ತೆ, ಅಲ್ಲೂ ರೇಟಿಂಗ್ ಇದೆ, ಅಲ್ಲೂ ಪೈಪೋಟಿ ಇದೆ. ನಮಗೆ 16 ಬೇಡ, 250 ಇರ್ಲಿ, ಮೊದ್ಲೇ ಹೇಳ್ಬಿಡಿ.

ಒಂದು ಮಾತು ನಿಜ, ಸೀರಿಯಲ್ ನಿಂತ್ರೆ ಚಾನೆಲ್‌ಗೇನೂ ಆಗಲ್ಲ, ಲೈಟ್‌ನೋರು, ಮೇಕಪ್‌ನೋರು, ಊಟ ಬಡಿಸೋ ಪ್ರೊಡಕ್ಷನ್ ಹುಡುಗ್ರು ಮಾರನೇ ದಿನ ಮನೇಲಿ. 2020ರ ಲಾಕ್‌ಡೌನ್‌ನಲ್ಲಿ ಅದನ್ನ ನೋಡಿದ್ವಲ್ಲ, ಶೂಟಿಂಗ್ ನಿಂತು, ಡಬ್ಬಿಂಗ್ 'ಮಹಾಭಾರತ' ಬಂದು ಕೂತ್ತು, ಎಷ್ಟೋ ಸೀರಿಯಲ್ ಅರ್ಧಕ್ಕೇ ಹೋದ್ವು. ಅದಕ್ಕೇ ಎಳೀತಾರೆ ಅನ್ನೋದು ನಂಗೂ ಅರ್ಥ ಆಗುತ್ತೆ. ಆದ್ರೆ ಮುಗಿಯೋ ತಾರೀಖು ಆರು ತಿಂಗಳು ಮುಂಚೆ ಗೊತ್ತಿದ್ರೆ ಅವರೂ ಬೇರೆ ಯೂನಿಟ್ ನೋಡ್ಕೊಳ್ತಾರೆ. ಈಗ ಹಂಗಲ್ಲ, ಸೋಮವಾರ ಫೋನ್ ಮಾಡಿ "ಶುಕ್ರವಾರ ಕ್ಲೈಮ್ಯಾಕ್ಸ್" ಅಂತಾರೆ. ನಮ್ಗೂ ಹಂಗೇ ಆಯ್ತು. ಎರಡು ವರ್ಷ ಎಳೆದ ಕಥೆನ ನಾಲ್ಕೇ ದಿನದಲ್ಲಿ ಮುಗಿಸಿದ್ವಿ, ಚಿಕ್ಕಪ್ಪ ಕೊನೆಗೂ ಒಳ್ಳೆಯವನಾದ.

ಹೊಸ ಸೀರಿಯಲ್ ಪ್ರೆಸ್‌ಮೀಟ್‌ಗೆ ನಿಮ್ಮ ವರದಿಗಾರರು ಹೋದಾಗ, ಪಾತ್ರ ಹೇಗಿದೆ ಮೇಡಂ ಅನ್ನೋದನ್ನ ಬಿಟ್ಟು, ಕೊನೇ ಎಪಿಸೋಡ್ ಬರೆದಾಗಿದ್ಯಾ ಅಂತ ಒಂದ್ಸಲ ಕೇಳೋಕೆ ಹೇಳಿ.

— ಒಬ್ಬ ಹಳೇ ಡೈಲಾಗ್ ರೈಟರ್, ರಾಜರಾಜೇಶ್ವರಿ ನಗರ, ಬೆಂಗಳೂರು