ಆ ರಾತ್ರಿ ವಾಪಸ್ ಬಂದ ಅಕ್ಕನಿಗೆ

ನಿನ್ನೆ ನನ್ನ ವೈವಾ ಮುಗಿಯಿತು. ಹಗುರವಾದ ಪ್ಲಾಸ್ಟಿಕ್ ಫೋಮಿಗೆ ಲೇಸರ್ ಹೊಡೆದರೆ ಏನಾಗುತ್ತದೆ ಎಂಬ ನನ್ನ ಪ್ರಬಂಧ ಒಪ್ಪಿಗೆಯಾಯಿತು. ಬೆಳಗ್ಗೆಯಿಂದ ಬಂದ ಮೆಸೇಜುಗಳಿಗೆ ಒಂದೊಂದಾಗಿ ಉತ್ತರ ಬರೆಯಲು ಕೂತೆ, ಮುಗಿಯಲಿಲ್ಲ. ಅದಕ್ಕೇ ಎಲ್ಲರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಗೈಡ್, ಲೇಸರ್ ನಡೆಸಿದ ತಂಡ, ಅದರ ಲೆಕ್ಕ ಹಾಕುವ ಕಂಪ್ಯೂಟರ್ ಕೋಡಿನಲ್ಲಿ ತಪ್ಪು ಹುಡುಕಿಕೊಟ್ಟ ಗೆಳೆಯರು, ಐದು ವರ್ಷ ನನ್ನ ಗೋಳು ಕೇಳಿದ ರೂಮ್‌ಮೇಟ್, ದಿನಾ ಫೋನ್ ಮಾಡಿ "ಊಟ ಆಯ್ತಾ" ಎಂದಷ್ಟೇ ಕೇಳುತ್ತಿದ್ದ ಅಪ್ಪ, ಎಲ್ಲರಿಗೂ ಮನಸಾರೆ ಧನ್ಯವಾದ. ಕಳೆದ ವರ್ಷ ಮನೆಯಲ್ಲಿ ಏನಾಯಿತು ಎಂದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ಆದರೆ ಒಬ್ಬರ ಬಗ್ಗೆ ಬರೆಯಲೇಬೇಕು. ನಮಗೆ ಫೋಮ್ ಮಾಡಿಕೊಡುವ ಅಕ್ಕ. ಹೆಸರು ಹಾಕಬೇಡ ಎಂದಿದ್ದಾರೆ, ಹಾಗಾಗಿ ಅಕ್ಕ ಎಂದೇ ಬರೆಯುತ್ತೇನೆ.

ಅವರು ಮಾಡಿದ ಫೋಮ್ ಅಂಗೈ ಮೇಲಿಟ್ಟರೆ ಇಟ್ಟದ್ದೇ ಗೊತ್ತಾಗುವುದಿಲ್ಲ. ಒಂದು ಘನ ಸೆಂಟಿಮೀಟರಿಗೆ 4 ಮಿಲಿಗ್ರಾಂ. ಅಷ್ಟೇ ಜಾಗದ ಗಾಳಿಯೇ 1.2 ಮಿಲಿಗ್ರಾಂ ತೂಗುತ್ತದೆ, ನೋಡಿ. ಫೋಮ್ ಆಗುವುದು ಒದ್ದೆ ಜೆಲ್ಲನ್ನು ಒಣಗಿಸಿ. ಅದನ್ನು ಸುಮ್ನೆ ಒಣಗಲು ಬಿಟ್ಟರೆ ಆರುತ್ತಿರುವ ದ್ರವವೇ ಒಳಗಿನ ಎಳೆಗಳನ್ನು ಒಂದರ ಮೇಲೊಂದು ಎಳೆದು ಕುಸಿಯುವಂತೆ ಮಾಡುತ್ತದೆ. 1931ರಲ್ಲಿ ಸ್ಯಾಮ್ಯುಯೆಲ್ ಕಿಸ್ಲರ್ ಎಂಬ ರಸಾಯನವಿಜ್ಞಾನಿ ತೋರಿಸಿದ ದಾರಿಯೇ ಇವತ್ತಿಗೂ ದಾರಿ. ದ್ರವ, ಅನಿಲ ಎಂಬ ಭೇದ ಉಳಿಯದ ಸ್ಥಿತಿಗೆ ಒಯ್ದು ಒಣಗಿಸಬೇಕು. ಅಕ್ಕ ಇಂಗಾಲದ ಡೈಆಕ್ಸೈಡ್ ತುಂಬಿ, 31 ಡಿಗ್ರಿ ದಾಟಿಸಿ, ವಾತಾವರಣದ 73 ಪಟ್ಟಿಗಿಂತ ಜಾಸ್ತಿ ಒತ್ತಡದಲ್ಲಿಡುತ್ತಾರೆ. ಆಮೇಲೆ ಗಂಟೆಗಟ್ಟಲೆ ಕೂತು ನಿಧಾನವಾಗಿ ಒತ್ತಡ ಇಳಿಸುತ್ತಾರೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ.

ಆ ರಾತ್ರಿಯ ಹೊತ್ತಿಗೆ ನಮ್ಮ ಮೂರು ಶಾಟ್, ಅಂದರೆ ಫೋಮಿಗೆ ಲೇಸರ್ ಹೊಡೆಯುವ ಪ್ರಯೋಗ, ಮುಗಿದಿದ್ದವು. ಮೂರರಲ್ಲೂ ಅಯಾನೀಕರಣದ ಅಲೆ, ಅಂದರೆ ಲೇಸರಿನ ಬಿಸಿಗೆ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಿತ್ತುಬರುತ್ತ ಮುಂದೆ ಸಾಗುವ ಗಡಿ, ನನ್ನ ಲೆಕ್ಕಕ್ಕಿಂತ ತಡವಾಗಿ ಫೋಮಿನ ಹಿಂಬದಿ ಮುಟ್ಟಿತ್ತು. ಬೆಳಕು ಕ್ಷಣಕ್ಷಣಕ್ಕೆ ಹೇಗೆ ಬದಲಾಗುತ್ತದೆ ಎಂದು ಹಿಡಿಯುವ ಸ್ಟ್ರೀಕ್ ಕ್ಯಾಮೆರಾದ ಚಿತ್ರದಲ್ಲಿ ಅದು ಸ್ಪಷ್ಟವಾಗಿತ್ತು. ನಾನು ಅಕ್ಕನಿಗೆ ಫೋನ್ ಮಾಡಿ, ಫೋಮ್ ತೂಕ ಜಾಸ್ತಿ ಇದೆ, ನಿಮ್ಮಿಂದ ಎಲ್ಲ ಹಾಳಾಯಿತು ಎಂದುಬಿಟ್ಟೆ. ಅವರು ಮನೆಗೆ ಹೊರಟಿದ್ದವರು ವಾಪಸ್ ಬಂದರು. ಕೋಪ ಮಾಡಿಕೊಳ್ಳಲಿಲ್ಲ. "ಬಾ, ತೂಗಿ ನೋಡೋಣ" ಎಂದರು.

ಅದೇ ಬ್ಯಾಚಿನಲ್ಲಿ ಉಳಿದಿದ್ದ ತುಂಡುಗಳನ್ನೆಲ್ಲ ತೂಗಿದರು. ಅಳತೆ ತೆಗೆದರು. ಮತ್ತೊಮ್ಮೆ ತೂಗಿದರು. ಎಲ್ಲ ಸರಿಯಾಗಿತ್ತು. ಆಗಲೂ ಮನೆಗೆ ಹೋಗಲಿಲ್ಲ. ಒಂದು ತುಂಡನ್ನು ಮುರಿದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿಟ್ಟರು.

ನಾನು ಎರಡು ವರ್ಷದಿಂದ ಆ ಫೋಮನ್ನು ಕೋಡಿನಲ್ಲಿ ಅನಿಲ ಎಂದೇ ಬರೆದಿದ್ದೆ, ಎಲ್ಲ ಕಡೆ ಒಂದೇ ಸಮ. ಪರದೆಯ ಮೇಲೆ ಕಂಡದ್ದು ತೆಳ್ಳನೆಯ ಎಳೆಗಳು, ನಡುನಡುವೆ ಬರೀ ಖಾಲಿ. "ನೀನು ಇದನ್ನ ಮಂಜು ಅಂದ್ಕೊಂಡಿದೀಯ. ಇದು ಬಲೆ ಕಣೋ" ಎಂದರು ಅಕ್ಕ.

ಅಲ್ಲಿಗೆ ನನಗೆ ಹೊಳೆಯಿತು. ನಮ್ಮ ಲೇಸರಿನ ತರಂಗಾಂತರ 351 ನ್ಯಾನೋಮೀಟರ್. ಪೂರ್ತಿ ಅಯಾನೀಕರಣವಾದ ಇಂಥ ಪ್ಲಾಸ್ಟಿಕ್ಕಿನಲ್ಲಿ, ಘನ ಸೆಂಟಿಮೀಟರಿಗೆ ಸುಮಾರು 28 ಮಿಲಿಗ್ರಾಂ ದಾಟಿದರೆ ಆ ಬೆಳಕು ಒಳಗೆ ಹೋಗುವುದಿಲ್ಲ. ಸರಾಸರಿ 4 ಎಂದರೆ ದಾರಿ ಸಲೀಸು. ಆದರೆ ಒಂದೊಂದು ಎಳೆಯೂ ಗಟ್ಟಿ ಪ್ಲಾಸ್ಟಿಕ್, ಅಲ್ವಾ? ಅಲ್ಲಿ ಅದೇ ಲೆಕ್ಕ ಸುಮಾರು 1000 ಮಿಲಿಗ್ರಾಂ. ಲೇಸರ್ ಆ ಎಳೆಯ ಮೈಯನ್ನು ಹೊರಗಿನಿಂದ ಸುಲಿಯುತ್ತ ಬರಬೇಕು. ಸುಲಿದ ಪ್ಲಾಸ್ಮಾ, ಅಂದರೆ ಅಯಾನೀಕರಣವಾದ ಬಿಸಿ ಅನಿಲ, ಖಾಲಿ ಜಾಗಕ್ಕೆ ಹಬ್ಬಬೇಕು. ಪಕ್ಕದ ಎಳೆಯಿಂದ ಬಂದ ಪ್ಲಾಸ್ಮಾಕ್ಕೆ ಡಿಕ್ಕಿ ಹೊಡೆಯಬೇಕು. ಆ ಡಿಕ್ಕಿಯಲ್ಲಿ ಒಂದಷ್ಟು ಶಕ್ತಿ ಅಯಾನುಗಳನ್ನು ಬಿಸಿ ಮಾಡಲು ಹೋಗುತ್ತದೆ. ಎಲ್ಲ ಬೆರೆತು ಸಮನಾದ ಮೇಲೆಯೇ ಅದು ನನ್ನ ಕೋಡಿನಲ್ಲಿದ್ದ ಅನಿಲದಂತಾಗುವುದು. ಇಷ್ಟಕ್ಕೆಲ್ಲ ನ್ಯಾನೋಸೆಕೆಂಡಿನ ಒಂದು ಸಣ್ಣ ಪಾಲು ಸಾಕು. ಆದರೆ ನಮ್ಮ ಲೇಸರ್ ಹೊಳೆಯುವುದೂ ಒಂದೆರಡು ನ್ಯಾನೋಸೆಕೆಂಡ್ ಮಾತ್ರ. ಗುಸ್ಕೋವ್ ಮತ್ತು ರೋಜಾನೋವ್ ಎಂಬ ರಷ್ಯದ ಭೌತವಿಜ್ಞಾನಿಗಳು 1997ರಲ್ಲೇ ಇದನ್ನು ಬರೆದಿದ್ದರು. ನಾನು ಓದಿಯೂ ಇದ್ದೆ. ಕಣ್ಣಿಗೆ ಕಂಡದ್ದು ಮಾತ್ರ ಆ ರಾತ್ರಿ.

ಆಗ ಬೆಳಗಿನ ಜಾವ ಮೂರೂವರೆ. ಖುಷಿಗೆ ಕೈ ತಾನಾಗಿಯೇ ಫೋನಿಗೆ ಹೋಯಿತು, ಅಮ್ಮನಿಗೆ ಹೇಳೋಣ ಎಂದು. ನಂಬರ್ ತೆಗೆದ ಮೇಲೆ ನೆನಪಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ. ಅಕ್ಕ ಒಂದು ಮಾತೂ ಕೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪಕ್ಕದಲ್ಲಿ ನೆಲದ ಮೇಲೆಯೇ ಕೂತರು. ಬೆಳಕಾಗುವವರೆಗೂ ಏಳಲಿಲ್ಲ. ಫೋನಿನಲ್ಲಿ ಅಂದ ಮಾತಿಗೆ ಕ್ಷಮೆ ಕೇಳಲು ಹೋದೆ. "ಈಗ ಬೇಡ, ಆಮೇಲೆ ಹೇಳು" ಎಂದರು.

ಆ ಆಮೇಲೆ ಇವತ್ತು ಬಂದಿದೆ. ಅಕ್ಕ, ನಿಮ್ಮ ಫೋಮ್ ಸರಿಯಾಗಿತ್ತು. ತಪ್ಪು ನನ್ನ ಲೆಕ್ಕದಲ್ಲಿತ್ತು. ಆ ಮಾತು ನಾನು ಆಡಬಾರದಿತ್ತು. ಎಲ್ಲರೂ ಓದುವ ಕಡೆಯೇ ಇದನ್ನು ಬರೆಯಬೇಕು ಎನಿಸಿತು.

ಎಳೆಗಳು ಕರಗಿ ಬೆರೆಯುವ ಹೊತ್ತನ್ನು ಕೋಡಿಗೆ ಸೇರಿಸಿದ ಮೇಲೆ ಲೆಕ್ಕದ ಗೆರೆ ಅಳತೆಯ ಗೆರೆಗೆ ತುಂಬ ಹತ್ತಿರ ಬಂತು. ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಅದೇ. ವೈವಾದಲ್ಲಿ ಪರೀಕ್ಷಕರು, ಇಷ್ಟು ಸಣ್ಣ ತಡ ಯಾಕೆ ಮುಖ್ಯ ಎಂದು ಕೇಳಿದರು. ಇಂಧನದ ಗುಳಿಗೆಯನ್ನು ಲೇಸರಿನಿಂದ ಅದುಮಿ ಪರಮಾಣು ಬೀಜಗಳನ್ನು ಬೆಸೆಯುವ ಸಮ್ಮಿಳನದ ಪ್ರಯೋಗಗಳಲ್ಲಿ ಲೇಸರಿನ ಏರುಪೇರು ತಗ್ಗಿಸಲು ಆ ಗುಳಿಗೆಯ ಮೇಲೆ ಫೋಮ್ ಪದರ ಹಾಕುವ ಯೋಚನೆ ಇದೆ. ಬಿಸಿ ಯಾವಾಗ ಆ ಪದರ ದಾಟುತ್ತದೆ ಎಂಬುದೇ ತಪ್ಪಿದರೆ, ಗುಳಿಗೆಯನ್ನು ಅದುಮುವ ಅಲೆಗಳ ಸಮಯವೂ ತಪ್ಪುತ್ತದೆ ಎಂದೆ. ಹಾಗೆ ಹೇಳುವಾಗ ನನ್ನ ಹಿಂದೆ ಪರದೆಯ ಮೇಲಿದ್ದದ್ದು ಅಕ್ಕ ಅವತ್ತು ತೆಗೆದ ಚಿತ್ರ.

ಫೋಮಿನಿಂದ ಹಿಂದಕ್ಕೆ ಚದುರುವ ಲೇಸರ್ ಬೆಳಕಿನ ಲೆಕ್ಕ ಇನ್ನೂ ಬಾಕಿ ಇದೆ. ಅದಕ್ಕೆ ಹೊಸ ಫೋಮ್ ಬೇಕು. ಅಕ್ಕ, ಈ ಸಲ ಒಣಗಿಸುವುದನ್ನು ನನಗೂ ಕಲಿಸುತ್ತೇನೆ ಎಂದಿದ್ದೀರಲ್ಲ, ಸೋಮವಾರ ಬೆಳಗ್ಗೆ ಬೇಗ ಬರುತ್ತೇನೆ.